ಗುತ್ತಿಗೆಗೆ ಮೊದಲಿನ ಮದುವೆ ಊಟ: ಸೇರು, ಮುಯ್ಯಿ, ಕೊಪ್ಪರಿಗೆಯ ಲೆಕ್ಕ

ಈಗ ಮನೆಯಲ್ಲಿ ಮದುವೆ ಗೊತ್ತಾದರೆ ಅಡುಗೆ ಗುತ್ತಿಗೆಯವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಎಲೆ ಆಗಬಹುದು?" ಎಲೆಗೆ ಇಷ್ಟು ರೂಪಾಯಿ ಎಂದು ಮಾತಾಗುತ್ತದೆ, ಮುಂಗಡ ಕೊಡುತ್ತೇವೆ. ಊಟ ಮುಗಿದ ಮೇಲೆ ಎಲೆ ಎಣಿಸಿ ಬಾಕಿ ಚುಕ್ತಾ ಮಾಡುತ್ತೇವೆ. ಅಕ್ಕಿ ಎಷ್ಟು ಬೇಕು, ಸೌದೆ ಎಲ್ಲಿಂದ ಬರಬೇಕು, ದೊಡ್ಡ ಪಾತ್ರೆ ಯಾರ ಮನೆಯಲ್ಲಿದೆ ಎಂಬ ಚಿಂತೆ ಮನೆಯವರಿಗಿಲ್ಲ. ಉಳಿಯುವುದು ಹಣ ಹೊಂದಿಸುವ ಚಿಂತೆ.

ಎರಡು ಮೂರು ತಲೆಮಾರಿನ ಹಿಂದೆ ನಮ್ಮ ಹಳ್ಳಿಗಳಲ್ಲಿ ಇದೇ ನಾನೂರು ಐನೂರು ಜನ ಮದುವೆಯಲ್ಲಿ ಉಂಡಿದ್ದಾರೆ. ಆಗ ಗ್ಯಾಸ್ ಇರಲಿಲ್ಲ, ಫ್ರಿಜ್ ಇರಲಿಲ್ಲ, ಕೈಯಲ್ಲಿ ನಗದೂ ಹೆಚ್ಚು ಇರಲಿಲ್ಲ. ಹಾಗಾದರೆ ಆ ಊಟ ಹೇಗೆ ನಡೆಯುತ್ತಿತ್ತು? "ಆಗಿನ ಜನ ಒಳ್ಳೆಯವರು, ಎಲ್ಲರೂ ಕೈ ಜೋಡಿಸುತ್ತಿದ್ದರು" ಎಂಬ ಉತ್ತರ ಸಾಲದು. ಅದರ ಹಿಂದೆ ಒಂದು ಗಟ್ಟಿ ಲೆಕ್ಕಾಚಾರವಿತ್ತು. ಆ ಲೆಕ್ಕಾಚಾರ ಏನು, ಅದರಲ್ಲಿ ಯಾರಿಗೆ ಲಾಭವಾಯಿತು, ಯಾರಿಗೆ ಅನ್ಯಾಯವಾಯಿತು ಎಂದು ತಿಳಿದರೆ ನಮಗೂ ಉಪಯೋಗವಿದೆ.

ಸುಗ್ಗಿ ಮುಗಿದ ಮೇಲೇ ಮದುವೆ ಯಾಕೆ?

ಮದುವೆಗಳು ಹೆಚ್ಚಾಗಿ ಮಾಘದಿಂದ ವೈಶಾಖದವರೆಗೆ ನಡೆಯುತ್ತಿದ್ದವು. ಮುಹೂರ್ತದ ಮಾತು ಪಂಚಾಂಗಕ್ಕೆ ಸೇರಿದ್ದು. ಆದರೆ ಅಡುಗೆಯ ಕಡೆಯಿಂದ ನೋಡಿದರೂ ಇದೇ ಸರಿಯಾದ ಕಾಲ. ಕಣ ಮುಗಿದು ದವಸ ಮನೆಗೆ ಬಂದಿರುತ್ತದೆ. ಆಲೆಮನೆ ನಡೆದು ಹೊಸ ಬೆಲ್ಲ ಸಿಗುತ್ತದೆ. ಹೊಲದ ಕೆಲಸ ಕಡಿಮೆ, ಹಾಗಾಗಿ ಕೈಗಳು ಬಿಡುವಾಗಿರುತ್ತವೆ. ಸೌದೆ ಒಣಗಿರುತ್ತದೆ. ಚಪ್ಪರದ ಮೇಲೆ ಮಳೆ ಬೀಳುವ ಭಯ ಕಡಿಮೆ.

ತಯಾರಿ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತಿತ್ತು. ಮುತ್ತುಗದ ಎಲೆ ಕೊಯ್ದು, ಕಡ್ಡಿ ಚುಚ್ಚಿ ಊಟದ ಎಲೆ ಮಾಡಿ, ಒತ್ತಿ ಕಟ್ಟಿ ಇಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇದನ್ನೇ ಪತ್ರಾವಳಿ ಎನ್ನುತ್ತಾರೆ. ಹಪ್ಪಳ, ಸಂಡಿಗೆ ಬಿಸಿಲು ಕಾಣುತ್ತಿದ್ದವು. ಮೆಣಸಿನಪುಡಿ, ಅರಿಶಿನ ಕುಟ್ಟುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕೆಲಸ ಅಕ್ಕಿಯದು. ಈಗಿನ ತೂಕದಲ್ಲಿ ಲೆಕ್ಕ ಹಾಕೋಣ. ಒಬ್ಬರಿಗೆ ಒಂದು ಹೊತ್ತಿಗೆ 120 ಗ್ರಾಂ ಅಕ್ಕಿ ಎಂದರೂ 500 ಜನಕ್ಕೆ 60 ಕೆಜಿ. ಮೂರು ಹೊತ್ತಿಗೆ 180 ಕೆಜಿ. ಭತ್ತದಲ್ಲಿ ಸುಮಾರು ಮೂರನೇ ಎರಡು ಪಾಲು ಅಕ್ಕಿ ಸಿಗುತ್ತದೆ, ಹಾಗಾಗಿ 270 ಕೆಜಿ ಭತ್ತ ಬೇಕು. ಅಕ್ಕಿ ಗಿರಣಿ ಬರುವ ಮೊದಲು ಇಷ್ಟನ್ನೂ ಹೆಂಗಸರು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ತೆಗೆಯಬೇಕಿತ್ತು.

ಇವತ್ತಿಗೂ ಅನೇಕ ಮನೆಗಳಲ್ಲಿ ಮದುವೆಗೆ ಮೊದಲು ಒನಕೆಗೆ ಅರಿಶಿನ ಕುಂಕುಮ ಹಚ್ಚಿ, ಐದು ಜನ ಮುತ್ತೈದೆಯರು ಒಂದೆರಡು ಪೆಟ್ಟು ಹಾಕುವ ಶಾಸ್ತ್ರವಿದೆ. ಬೀಸುಕಲ್ಲಿಗೂ ಪೂಜೆ ಇದೆ. ಆ ಕೆಲಸವನ್ನು ಗಿರಣಿ ವಹಿಸಿಕೊಂಡು ಎಷ್ಟೋ ಕಾಲವಾಯಿತು, ಕೆಲಸದ ನೆನಪು ಶಾಸ್ತ್ರದಲ್ಲಿ ಉಳಿದಿದೆ.

ಸೇರು, ಬಳ್ಳ, ಕೊಳಗ

ಲೆಕ್ಕವೆಲ್ಲ ಅಳತೆಯಲ್ಲೇ ನಡೆಯುತ್ತಿತ್ತು, ತೂಕದಲ್ಲಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಸೇರಿನ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ತಿರುಗಾಡಿ ಬೆಳೆ, ಕಸುಬು, ಅಳತೆಗಳನ್ನೆಲ್ಲ ಬರೆದುಕೊಂಡ. ಒಂದು ಊರಿನ ಅಳತೆ ಇನ್ನೊಂದು ಊರಿಗೆ ಹೊಂದುವುದಿಲ್ಲ ಎಂಬುದು ಅವನ ಬರಹದುದ್ದಕ್ಕೂ ಕಾಣುತ್ತದೆ.

ಅಡುಗೆಗೆ ಇದರಿಂದ ತೊಂದರೆ ಆಗುತ್ತಿರಲಿಲ್ಲ. ಯಾಕೆಂದರೆ ಲೆಕ್ಕ ಹಾಕುವವರು ಅದೇ ಊರಿನವರು. ನಮ್ಮೂರ ಸೇರಿಗೆ ಎಷ್ಟು ಜನ ಉಣ್ಣುತ್ತಾರೆ ಎಂಬುದು ಅನುಭವಸ್ಥರ ಬಾಯಲ್ಲಿತ್ತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು, 1960ರ ದಶಕದ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋ, ಲೀಟರ್ ನೆಲೆಯಾದವು. ಹಳ್ಳಿ ಮನೆಗಳ ಅಡುಗೆ ಲೆಕ್ಕ ಮಾತ್ರ ಬಹಳ ಕಾಲ ಸೇರಿನಲ್ಲೇ ಉಳಿಯಿತು.

ಜನರ ಲೆಕ್ಕವೂ ಸುಮ್ಮನೆ ಅಂದಾಜಲ್ಲ. ಕರೆಯುವ ಮಾತಿನಲ್ಲೇ ಅದು ಅಡಗಿತ್ತು. "ಮನೆಗೊಬ್ಬರು ಬನ್ನಿ" ಎಂದರೆ ಒಂದು ಲೆಕ್ಕ. "ಅವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ" ಎಂದರೆ ಮಕ್ಕಳು ಮರಿ ಸಮೇತ ಎಲ್ಲರಿಗೂ ಕರೆ. ಊರಲ್ಲಿ ಎಷ್ಟು ಒಕ್ಕಲು, ಅದರಲ್ಲಿ ಎಷ್ಟು ಮನೆಗೆ ಯಾವ ಕರೆ, ಬೀಗರ ಕಡೆಯಿಂದ ಎಷ್ಟು ಗಾಡಿ ಬರುತ್ತವೆ, ಗಾಡಿಯ ಎತ್ತಿಗೆ ಹುಲ್ಲೆಷ್ಟು ಎನ್ನುವವರೆಗೆ ಹಿರಿಯರು ಜಗಲಿಯಲ್ಲಿ ಕೂತು ಎಣಿಸುತ್ತಿದ್ದರು.

ಮುಯ್ಯಿ: ಬಡ್ಡಿಯಿಲ್ಲದ ಸಾಲ

ಇಷ್ಟೆಲ್ಲ ಸಾಮಾನನ್ನು ಒಬ್ಬ ಸಣ್ಣ ರೈತ ಒಂದೇ ಬೆಳೆಯಲ್ಲಿ ಹೊಂದಿಸುವುದು ಸಾಧ್ಯವಿರಲಿಲ್ಲ. ಅಲ್ಲಿ ಬರುತ್ತಿದ್ದದ್ದು ಮುಯ್ಯಿ. ಉತ್ತರ ಕರ್ನಾಟಕದಲ್ಲಿ ಆಯಾರ ಎನ್ನುವುದೂ ಇದೇ ಜಾತಿಯ ಪದ್ಧತಿ. ನೆಂಟರು, ಒಕ್ಕಲಿನವರು ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಟ್ಟೆ, ದುಡ್ಡು ತಂದು ಕೊಡುತ್ತಿದ್ದರು. ಯಾರು ಏನು ಕೊಟ್ಟರು ಎಂದು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು, ಒಬ್ಬರು ಪಟ್ಟಿ ಬರೆದುಕೊಳ್ಳುತ್ತಿದ್ದರು. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಆ ಪಟ್ಟಿ ತೆಗೆದು ನೋಡಿ, ಅಷ್ಟನ್ನು ಅಥವಾ ಅದಕ್ಕೊಂದು ಕೈ ಹೆಚ್ಚಿಗೆ ವಾಪಸು ಕೊಡಬೇಕು.

ಕೆಲಸಕ್ಕೂ ಇದೇ ನಿಯಮ. ಹೊಲದಲ್ಲಿ ಮುಯ್ಯಾಳು ಇದ್ದ ಹಾಗೆ ಮದುವೆ ಮನೆಯಲ್ಲೂ ಇತ್ತು. ನಮ್ಮನೆ ಕಾರ್ಯಕ್ಕೆ ನೀವು ಎರಡು ದಿನ ಬಂದರೆ, ನಿಮ್ಮನೆ ಕಾರ್ಯಕ್ಕೆ ನಾವು ಎರಡು ದಿನ. ಯಾರಿಗೂ ಕೂಲಿ ಇಲ್ಲ, ಆದರೆ ಯಾರ ದುಡಿಮೆಯೂ ಪುಕ್ಕಟೆಯೂ ಅಲ್ಲ.

ಈ ಪದದ ಇನ್ನೊಂದು ಅರ್ಥವನ್ನೂ ಗಮನಿಸಿ. "ಮುಯ್ಯಿ ತೀರಿಸಿಕೊಂಡ" ಎಂದರೆ ಸೇಡು ತೀರಿಸಿಕೊಂಡ ಎಂದೂ ಆಗುತ್ತದೆ. ಕೊಟ್ಟದ್ದನ್ನು ಮರೆತರೆ ಸಂಬಂಧ ಕೆಡುತ್ತಿತ್ತು. ಬರ ಬಂದ ವರ್ಷ ಮುಯ್ಯಿ ವಾಪಸು ಕೊಡಲಾಗದೆ ನೆಂಟರ ಮದುವೆಗೆ ಹೋಗಲು ನಾಚಿದವರಿದ್ದಾರೆ. ಮುಯ್ಯಿ ಸಾಲದಿದ್ದಲ್ಲಿ ಹೊಲ ಅಡವಿಟ್ಟು ಸಾಹುಕಾರನ ಹತ್ತಿರ ಹೋದವರೂ ಇದ್ದಾರೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಹುಟ್ಟಿದ್ದು ಗುತ್ತಿಗೆ ಊಟದ ಕಾಲದಲ್ಲಲ್ಲ.

ಕೊಪ್ಪರಿಗೆಗೆ ಕಲಾಯಿ

ನೂರಾರು ಜನಕ್ಕೆ ಬೇಯಿಸುವ ಕೊಪ್ಪರಿಗೆ, ಹಂಡೆ, ಕಡಾಯಿ ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ. ದೇವಸ್ಥಾನದಲ್ಲೋ ದೊಡ್ಡ ಮನೆಯಲ್ಲೋ ಇದ್ದದ್ದನ್ನು ಎಣಿಸಿ ತಂದು, ಎಣಿಸಿ ಕೊಡುತ್ತಿದ್ದರು. ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ರೂಢಿಯಿಂದ ಅದಲು ಬದಲು ತಪ್ಪುತ್ತಿತ್ತು. ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಪಾತ್ರೆ ಈಗಲೂ ಸಿಗುತ್ತವೆ.

ಈ ಪಾತ್ರೆಗಳು ತಾಮ್ರ ಇಲ್ಲವೇ ಹಿತ್ತಾಳೆಯವು. ಹುಣಸೆಹುಳಿ, ಮಜ್ಜಿಗೆ ತಾಮ್ರಕ್ಕೆ ತಾಗಿದರೆ ಕಿಲುಬು ಬಿಟ್ಟುಕೊಂಡು ಅಡುಗೆ ವಿಷವಾಗುತ್ತದೆ. ಅದಕ್ಕೇ ಮದುವೆಗೆ ಮೊದಲು ಕಲಾಯಿಯವರು ಊರಿಗೆ ಬರುತ್ತಿದ್ದರು. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಕರಗಿಸಿ ಒಳಮೈಗೆಲ್ಲ ಬಳಿಯುತ್ತಿದ್ದರು. ಕೆಂಪು ಪಾತ್ರೆ ಕಣ್ಣೆದುರಿಗೇ ಬೆಳ್ಳಗಾಗುವುದನ್ನು ನೋಡಲು ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಊಟ ಚೆನ್ನಾಗಿ ಜೀರ್ಣವಾಗಬೇಕಾದರೆ ಅಡುಗೆಯವರಷ್ಟೇ ಕಲಾಯಿಯವರ ಕೈಗುಣವೂ ಬೇಕಿತ್ತು. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಬಂದ ಮೇಲೆ ಈ ಕಸುಬು ಹೆಚ್ಚುಕಡಿಮೆ ಮುಗಿದೇಹೋಯಿತು.

ಒಲೆ ಹಿತ್ತಲಲ್ಲಿ. ನೆಲದಲ್ಲಿ ಉದ್ದಕ್ಕೆ ಗುಂಡಿ ತೋಡಿ, ಗಾಳಿ ಬೀಸುವ ದಿಕ್ಕಿಗೆ ಬಾಯಿ ಬಿಟ್ಟು, ಮೇಲೆ ಸಾಲಾಗಿ ಕೊಪ್ಪರಿಗೆ ಇಡುತ್ತಿದ್ದರು. ಒಂದೇ ಬೆಂಕಿಯ ಬಿಸಿ ಹಲವು ಪಾತ್ರೆಗೆ ತಾಗುವುದರಿಂದ ಸೌದೆ ಉಳಿಯುತ್ತಿತ್ತು.

ಎಲೆಯ ಮೇಲೆ ಏನಿತ್ತು?

ಕನ್ನಡ ನಾಡಿನಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ಬೇಸಾಯ, ನೀರು ಹುಡುಕುವುದು, ದನದ ವೈದ್ಯದ ಜೊತೆಗೆ ಅಡುಗೆಯ ಅಧ್ಯಾಯವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಇಡ್ಲಿ, ದೋಸೆ, ವಡೆಯ ಪೂರ್ವಜರು ಸಿಗುತ್ತಾರೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಎಂಬ ಪೂರ್ತಿ ಪುಸ್ತಕವನ್ನೇ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆಕಾಯಿ ಎಲ್ಲ ಅದರಲ್ಲಿವೆ.

ಇವು ಅರಮನೆ, ಶ್ರೀಮಂತರ ಅಡುಗೆಗಳು. ಆದರೂ ಒಂದು ವಿಷಯ ನಮಗೆಲ್ಲ ಅನ್ವಯಿಸುತ್ತದೆ. ಚಾವುಂಡರಾಯ, ಸೋಮೇಶ್ವರರ ಕಾಲದ ಊಟದಲ್ಲಿ ಮೆಣಸಿನಕಾಯಿ ಇರಲಿಲ್ಲ. ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿಯೂ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು, 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ಮೇಲೆ ಇಲ್ಲಿಗೆ ತಲುಪಿದವು. ಅದಕ್ಕೂ ಮೊದಲು ಖಾರಕ್ಕೆ ಕಾಳುಮೆಣಸೇ ಗತಿ. ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಎಂದು ಕರೆದರು. ಈಗ ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಮದುವೆ ಸಾರನ್ನು ಊಹಿಸುವುದೇ ಕಷ್ಟ.

ಸಾಮಾನ್ಯರ ಎಲೆ ಸೀಮೆಯ ಮೇಲೆ ನಿಂತಿತ್ತು. ಉತ್ತರದಲ್ಲಿ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ. ಹಳೇ ಮೈಸೂರಲ್ಲಿ ಒಬ್ಬಟ್ಟು, ಪಾಯಸ, ಅನ್ನ ಸಾರು. ಧಾರೆಯ ದಿನ ಸಿಹಿ ಊಟವಾದರೆ ಮಾಂಸ ತಿನ್ನುವ ಮನೆಗಳಲ್ಲಿ ಬೀಗರೂಟಕ್ಕೆ ಕುರಿ ಕಡಿದು ಬಾಡೂಟ. ಅನ್ನ ಉಣ್ಣುವುದೇ ದೊಡ್ಡಸ್ತಿಕೆ ಎನ್ನುವ ಸೀಮೆಗಳೂ ಇದ್ದವು, ದಿನವೂ ಮುದ್ದೆ ಉಣ್ಣುವವರಿಗೆ ಅನ್ನ ಸಿಗುತ್ತಿದ್ದದ್ದು ಹಬ್ಬ ಮದುವೆಗಳಲ್ಲಿ. 16ನೇ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂದು ಜಗಳವಾಗುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಉಳಿಯುವುದು ರಾಗಿ, ರಾಮನಿಂದ ಗೌರವ ಪಡೆಯುವುದೂ ರಾಗಿ. ಮದುವೆಯ ಎಲೆಯ ಮೇಲೆ ಮಾತ್ರ ಗೆದ್ದದ್ದು ಅಕ್ಕಿಯೇ.

ಕುಡಿಯಲು ಪಾನಕ, ಮಜ್ಜಿಗೆ. ಬೆಲ್ಲ, ಏಲಕ್ಕಿ, ಕಾಳುಮೆಣಸು, ನಿಂಬೆಹುಳಿ ಹಾಕಿದ ಪಾನಕ ಬೇಸಿಗೆಯಲ್ಲಿ ದೂರದಿಂದ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಬಂದವರಿಗೆ ದಣಿವಾರಿಸುವ ಮದ್ದು. ನಮ್ಮ ಮಲೆನಾಡಿನಲ್ಲೇ ಕಾಫಿ ಬೆಳೆಯುತ್ತಿದ್ದರೂ ಹಳ್ಳಿ ಮದುವೆಗಳಲ್ಲಿ ಕಾಫಿ, ಟೀ ಕೊಡುವುದು ಕಡ್ಡಾಯದಂತೆ ಆದದ್ದು 20ನೇ ಶತಮಾನದಲ್ಲಿ. ಕಾಫಿ ಬಂದ ಮೇಲೆ ಲೆಕ್ಕಕ್ಕೆ ಹಾಲು, ಸಕ್ಕರೆ ಎಂಬ ಎರಡು ಹೊಸ ಖರ್ಚು ಸೇರಿಕೊಂಡವು. ಬೆಲ್ಲ ಮನೆಯದೋ ಪಕ್ಕದ ಆಲೆಮನೆಯದೋ ಆಗುತ್ತಿತ್ತು, ಸಕ್ಕರೆಗೆ ಅಂಗಡಿಯೇ ಗತಿ.

ಯಾರು ಮೊದಲು ಉಂಡರು, ಯಾರು ಕೊನೆಗೆ?

ಈ ಊಟವನ್ನು ಹೊಗಳುವಾಗ ನಾವು ಮುಚ್ಚಿಡುವ ಭಾಗ ಇದು. ಊರೆಲ್ಲ ಸೇರಿ ಮಾಡಿದ ಊಟವನ್ನು ಊರೆಲ್ಲ ಸೇರಿ ಉಣ್ಣಲಿಲ್ಲ. ಪಂಕ್ತಿಗೆ ಜಾತಿ ಇತ್ತು. ತಮ್ಮ ಮೇಲೆಂದು ಹೇಳಿಕೊಂಡವರು ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ, ಅವರ ಮನೆಗೆ ಅಕ್ಕಿ ಬೇಳೆ ತರಕಾರಿಯ ಪಡಿ ಹೋಗುತ್ತಿತ್ತು. ಕುಂಬಾರರು ಮಡಕೆ, ಐರಾಣಿ ತಂದರು. ಬಡಗಿ ಹಸೆಮಣೆ ಮಾಡಿದರು. ಮಡಿವಾಳರು ನಡೆಮಡಿ ಹಾಸಿದರು. ಅವರಿಗೆಲ್ಲ ದವಸದ ಪಾಲು ಸಿಕ್ಕಿತು, ಮರ್ಯಾದೆಯ ಪಾಲು ಒಂದೇ ಸಮನಾಗಿ ಸಿಗಲಿಲ್ಲ.

ಸೌದೆ ಒಡೆದವರು, ಚಪ್ಪರಕ್ಕೆ ಸೊಪ್ಪು ತಂದವರು, ತಮಟೆ ಬಡಿದವರು ದಲಿತರು. ಅವರು ಎಲ್ಲರದಾದ ಮೇಲೆ, ಚಪ್ಪರದ ಹೊರಗೆ ಕೂತು ಉಂಡರು. ಇಲ್ಲವೇ ಪಾತ್ರೆಗೆ ಹಾಕಿಸಿಕೊಂಡು ಕೇರಿಗೆ ಹೋದರು. ಅಡುಗೆ ಮನೆಯ ಹೆಂಗಸರು ಎಲ್ಲ ಜಾತಿಯಲ್ಲೂ ಕೊನೆಗೆ ಉಂಡರು, ಅಷ್ಟು ಹೊತ್ತಿಗೆ ಪಲ್ಯ ತಳ ಕಂಡಿರುತ್ತಿತ್ತು.

12ನೇ ಶತಮಾನದಲ್ಲೇ ಕಲ್ಯಾಣದ ಶರಣರು ದಾಸೋಹದ ಮೂಲಕ ಈ ಗೋಡೆ ಒಡೆಯಲು ನೋಡಿದರು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರಲ್ಲಿ ಅದಕ್ಕೆ ಶಿಕ್ಷೆ ಕೊಡುವ ಕಾಯ್ದೆ ಬಂತು. ಆದರೂ ಮನೆಯಂಗಳದ ಪಂಕ್ತಿ ಬದಲಾಗಲು ಕಾಲ ಹಿಡಿಯಿತು. ಗುತ್ತಿಗೆ ಊಟ, ಛತ್ರದ ಟೇಬಲ್ ಬಂದ ಮೇಲೆ ದುಡ್ಡು ಕೊಟ್ಟವರ ಲೆಕ್ಕದಲ್ಲಿ ಎಲ್ಲ ಎಲೆಗೂ ಒಂದೇ ದರ ಆಯಿತು. ಪಕ್ಕಪಕ್ಕ ಕೂರುವುದು ಕೆಲವು ಕಡೆ ಹಾಗಾದರೂ ಸುಲಭವಾಯಿತು. ಗುತ್ತಿಗೆ ಪದ್ಧತಿಯನ್ನು ಬೈಯುವ ಮುಂಚೆ ಇದನ್ನೂ ನೆನೆಯಬೇಕು.

ಸರಕಾರ ಎಲೆ ಎಣಿಸಿದ ಕಾಲ

1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ದೇಶದಲ್ಲಿ ರೇಷನ್ ಶುರುವಾಯಿತು. ಆಗ ಮದುವೆ ಊಟ ಮನೆಯ ವಿಷಯವಷ್ಟೇ ಆಗಿ ಉಳಿಯಲಿಲ್ಲ. 1965–66ರ ಬರದಲ್ಲಿ ಅಮೆರಿಕದ ಗೋಧಿಗೆ ಕಾಯುವ ಸ್ಥಿತಿ ಬಂತು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಸೋಮವಾರ ರಾತ್ರಿಯ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಮದುವೆಗಳಿಗೆ ಇಷ್ಟೇ ಜನರಿಗೆ ಊಟ ಹಾಕಬೇಕು ಎಂಬ ಅತಿಥಿ ನಿಯಂತ್ರಣ ಆದೇಶಗಳು ಹಲವು ರಾಜ್ಯಗಳಲ್ಲಿ ಬಂದವು. ಸಕ್ಕರೆ ಪರ್ಮಿಟ್‌ಗೆ ಲಗ್ನಪತ್ರಿಕೆ ಹಿಡಿದು ಕಚೇರಿಗೆ ಅಲೆದದ್ದು ಈಗಲೂ ಹಿರಿಯರ ಮಾತಿನಲ್ಲಿ ಬರುತ್ತದೆ.

ಅದೇ ಹೊತ್ತಿನಲ್ಲಿ ಕುವೆಂಪು 'ಮಂತ್ರಮಾಂಗಲ್ಯ'ದ ಸರಳ ಮದುವೆಯನ್ನು ಮುಂದಿಟ್ಟರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಹಾಗೆಯೇ ಮದುವೆಯಾದರು. 1972ರಲ್ಲಿ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ಶುರುವಾಯಿತು. ಮುಂದೆ ರೈತ ಸಂಘವೂ ಸರಳ ಮದುವೆಯ ಮಾತನ್ನು ಹಳ್ಳಿಗಳಿಗೆ ತಂದಿತು. ಮದುವೆಯ ಸಾಲದಲ್ಲಿ ರೈತ ಹೊಲ ಕಳೆದುಕೊಳ್ಳಬಾರದು ಎಂಬ ಕಾಳಜಿ ಇಂಥ ಪ್ರಯತ್ನಗಳ ಹಿಂದಿತ್ತು.

2020ರ ಕೊರೊನಾ ಕಾಲದಲ್ಲಿ ಎಲೆ ಎಣಿಸುವ ಆದೇಶ ಮತ್ತೆ ಬಂತು. ಮದುವೆಗೆ 50 ಜನ ಮಾತ್ರ ಎಂದಾಗ ಅನೇಕರು ಅಂಗಳದಲ್ಲಿ ಚಪ್ಪರ ಹಾಕಿ, ಅಣ್ಣತಮ್ಮಂದಿರೇ ಒಲೆ ಹಚ್ಚಿ ಅಡುಗೆ ಮಾಡಿದರು. ಸಾಲವಿಲ್ಲದೆ ಮದುವೆ ಮುಗಿಯುತ್ತದೆ ಎಂದು ಆಗ ಕಂಡುಕೊಂಡ ಮನೆಗಳೂ ಇವೆ.

ಈಗ ನಾವು ಉಳಿಸಿಕೊಳ್ಳಬಹುದಾದದ್ದು

ಐನೂರು ಜನಕ್ಕೆ ಮನೆಯಲ್ಲೇ ಬೇಯಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ನಾಮಕರಣ, ಗೃಹಪ್ರವೇಶ, ಸೀಮಂತ, ಸಣ್ಣ ಬೀಗರೂಟಕ್ಕೆ ನೂರು ಜನರ ಅಡುಗೆಯನ್ನು ಮನೆಯವರೇ ಮಾಡಬಹುದು. ಹಳೆಯ ಲೆಕ್ಕವನ್ನು ಈಗಿನ ತೂಕಕ್ಕೆ ಇಳಿಸಿದರೆ ಹೀಗಾಗುತ್ತದೆ:

- ಅಕ್ಕಿ 10ರಿಂದ 12 ಕೆಜಿ.
- ಸಾರು, ಸಾಂಬಾರಿಗೆ ತೊಗರಿಬೇಳೆ ಎರಡೂವರೆಯಿಂದ 3 ಕೆಜಿ.
- ಪಲ್ಯ, ಸಾಂಬಾರು ಸೇರಿ ತರಕಾರಿ 12ರಿಂದ 15 ಕೆಜಿ.
- ಮಜ್ಜಿಗೆ ತಲೆಗೊಂದು ಲೋಟದಂತೆ 20 ಲೀಟರ್. ಅದಕ್ಕೆ ಮೊಸರು 5ರಿಂದ 6 ಲೀಟರ್ ಸಾಕು.
- ಕುಡಿಯುವ ನೀರು ಕನಿಷ್ಠ 100 ಲೀಟರ್. ತೊಳೆಯುವ ನೀರು ಬೇರೆ.

ಮುದ್ದೆ, ಚಪಾತಿ, ಹುಗ್ಗಿ ಇದ್ದರೆ ಅಕ್ಕಿ ಇನ್ನೂ ಕಡಿಮೆ ಸಾಕು. ಹಳಬರ ಒಂದು ಉಪಾಯ ಈಗಲೂ ನಡೆಯುತ್ತದೆ. ಎಲ್ಲ ಅಕ್ಕಿಯನ್ನೂ ಒಟ್ಟಿಗೆ ಬೇಯಿಸಬೇಡಿ. ಎರಡನೇ ಪಂಕ್ತಿ ಕೂತ ಮೇಲೆ ಜನ ನೋಡಿ ಕೊನೆಯ ಎಸರಿಗೆ ಅಕ್ಕಿ ಹಾಕಿ. ತೊಳೆಯದ ಅಕ್ಕಿ ಉಳಿದರೂ ಅಕ್ಕಿಯೇ, ಬೆಂದ ಅನ್ನ ಬೇಸಿಗೆಯಲ್ಲಿ ನಾಲ್ಕು ಗಂಟೆ ಮೀರಿದರೆ ಹೊಟ್ಟೆ ಕೆಡಿಸುತ್ತದೆ. ಮಜ್ಜಿಗೆ, ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗೆ ಹಾಕಬೇಡಿ.

ಕರೆಯುವಾಗ "ಮನೆಗೊಬ್ಬರೋ, ಮನೆಮಂದಿಯೋ" ಎಂದು ಸ್ಪಷ್ಟವಾಗಿ ಹೇಳುವುದರಲ್ಲಿ ನಾಚಿಕೆ ಇಲ್ಲ. ಮುಯ್ಯಿಯಾಗಿ ಇನ್ನೊಂದು ಗೋಡೆ ಗಡಿಯಾರದ ಬದಲು ಹತ್ತು ತೆಂಗಿನಕಾಯಿ, ಐದು ಸೇರು ಅಕ್ಕಿ ಕೊಟ್ಟರೆ ಕಾರ್ಯದ ಮನೆಗೆ ನಿಜವಾದ ನೆರವು. ಊರಿನ ಸ್ತ್ರೀಶಕ್ತಿ ಸಂಘಗಳು ಒಂದು ಜೊತೆ ದೊಡ್ಡ ಪಾತ್ರೆ, ಒಲೆ ಇಟ್ಟುಕೊಂಡರೆ ಹಳೆಯ ದೇವಸ್ಥಾನದ ಕೊಪ್ಪರಿಗೆಯ ಕೆಲಸ ಅದೇ ಮಾಡುತ್ತದೆ.

ಕೈಬಿಡಬೇಕಾದದ್ದೂ ಅಷ್ಟೇ ಸ್ಪಷ್ಟ. ಜಾತಿ ನೋಡಿ ಪಂಕ್ತಿ ಹಾಕುವುದು ಬೇಡ. ರುಬ್ಬುವುದು, ಹೆಚ್ಚುವುದು, ಪಾತ್ರೆ ತಿಕ್ಕುವುದೆಲ್ಲ ಹೆಂಗಸರ ಪಾಲಿಗೇ ಬಿಡುವುದು ಬೇಡ. ಸೌದೆ ಒಡೆದವರು, ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲೇ ಕೂತು ಉಣ್ಣಲಿ, ಆ ಹೊತ್ತು ಬಡಿಸುವ ಕೆಲಸ ಮನೆಯ ಗಂಡಸರು ಮಾಡಲಿ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಮುಯ್ಯಿ ಪಟ್ಟಿ ಇದ್ದರೆ ಒಮ್ಮೆ ತೆಗೆದು ಓದಿ. ಯಾರು ಎಷ್ಟು ಸೇರು ಅಕ್ಕಿ, ಎಷ್ಟು ಕಾಯಿ ತಂದರು ಎಂಬುದು ಅದರಲ್ಲಿ ಸಿಗುತ್ತದೆ. ಯಾರ ಹೆಸರು ಆ ಪಟ್ಟಿಯಲ್ಲಿಲ್ಲ, ಯಾಕಿಲ್ಲ ಎಂಬುದನ್ನು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ಬರೆದಿಡಿ. ನಿಮ್ಮ ಊರಿನ ಇತಿಹಾಸದಲ್ಲಿ ಆ ಎರಡೂ ಭಾಗ ಇರಬೇಕು.